ಸದ್ದಿಲ್ಲದ ಕಾರು

ಪೆಟ್ರೋಲಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ನೆನಪಾಗುವುದು ಎತ್ತಿನ ಕೊಟ್ಟಿಗೆ. ಅಮೃತಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಎತ್ತುಗಳನ್ನು ಮಾರಿದ ಮೇಲೆ ಅಪ್ಪ ಒಂದು ಹಳೇ ಅಂಬಾಸಿಡರ್ ತಂದು ಅದೇ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಗಂಜಲ, ಒಣಹುಲ್ಲು, ಕಾದ ರೆಕ್ಸಿನ್, ಸೋರಿದ ಪೆಟ್ರೋಲು ಎಲ್ಲ ಬೆರೆತ ಆ ವಾಸನೆಯಲ್ಲಿ, ರಜೆಯ ಮಧ್ಯಾಹ್ನಗಳಲ್ಲಿ, ನಾವು ಮಕ್ಕಳು ಹಿಂದಿನ ಸೀಟಿನ ಮೇಲೆ ಕಾಲು ಮಡಚಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ಆ ಹೊತ್ತಿನಲ್ಲಿ ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ, ನಮಗೆ ಹೋಗಬೇಕೆಂದೂ ಇರಲಿಲ್ಲ. ನಿಮ್ಮ ಬಾಲ್ಯದಲ್ಲೂ ಅಂಥ ತಂಪಾದ, ಅರೆಗತ್ತಲಿನ ಮೂಲೆಯೊಂದು ಇದ್ದೀತು. ಈಗ ಅದರ ಮೇಲೂ ಮೂರು ಅಂತಸ್ತು ಎದ್ದಿದ್ದೀತು.

ಜಾಲಹಳ್ಳಿಯ ಕಾರ್ಖಾನೆಗೆ ಹೋಗುತ್ತಿದ್ದ ಚಿಕ್ಕಪ್ಪ ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಹರಿದ ಚಿತ್ರವೊಂದನ್ನು ಆ ಕೊಟ್ಟಿಗೆಯ ಗೋಡೆಗೆ ಅಂಟಿಸಿದ್ದರು. ಅದು ಮುಂದೆ ಬರಲಿರುವ ಕಾರಿನ ಚಿತ್ರ. ಮೇಲೆ ಗಾಜಿನ ಗುಮ್ಮಟ, ಹಿಂದೆ ರಾಕೆಟ್ಟಿನ ಬಾಲ. ಒಳಗೆ ಗಂಡ ಹೆಂಡತಿ ಮಕ್ಕಳು ಎದುರುಬದುರು ಕೂತು ಇಸ್ಪೀಟು ಆಡುತ್ತಿದ್ದಾರೆ, ಸ್ಟೇರಿಂಗ್ ಹಿಡಿದವರು ಯಾರೂ ಇಲ್ಲ. "ಮುಂದೆ ಎಲ್ಲಾ ಇಂಗೇ ಕಣ್ರೋ. ಕಾರು ಪಕ್ಕದಲ್ಲೇ ಓದ್ರೂ ಗೊತ್ತಾಗಲ್ಲ, ಅಷ್ಟು ಸೈಲೆಂಟು!" ಎಂದು ಚಿಕ್ಕಪ್ಪ ಕಣ್ಣರಳಿಸಿ ಹೇಳುವಾಗ ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ತಮ್ಮನಿಗೆ ಆ ಕಾರಿಗೆ ರೆಕ್ಕೆ ಬೇಕಿತ್ತು, ನನಗೆ ಒಳಗೊಂದು ಐಸ್‌ಕ್ರೀಮ್ ಡಬ್ಬ. ಬಾಗಿಲ ಬಳಿ ಅವರೇಕಾಯಿ ಸುಲಿಯುತ್ತ ಕೂತ ನಂಜತ್ತೆ ಮಾತ್ರ ತಲೆಯೆತ್ತದೆ, "ಅದೆಲ್ಲಾ ಇರ್ಲಿ, ಮೊದ್ಲು ತಳ್ಳದಂಗೆ ಓಗೋದು ಕಲೀಲಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಹಾಗೆನ್ನಲು ಅವರಿಗೆ ಹಕ್ಕಿತ್ತು. ನಂಜತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು. ನಮ್ಮ ಅಂಬಾಸಿಡರ್ ತಳ್ಳದೆ ಎದ್ದ ದಿನವೇ ಇರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳುವವರಲ್ಲಿ ಮೊದಲಿಗರು ಅವರೇ. ಆದರೆ ಮದುವೆಗೋ ನಾಮಕರಣಕ್ಕೋ ಹೊರಡುವ ದಿನ ಅತ್ತೆ ಕಾಣುತ್ತಿರಲಿಲ್ಲ. ಆ ದಿನ ಕಾರು ತಳ್ಳಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಗಂಡನಿಲ್ಲದವಳು ಎದುರಾಗಬಾರದು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಅತ್ತೆ ನೋಡಿಕೊಂಡಿದ್ದರು. ಒಮ್ಮೆ ಜ್ವರ ಬಂದು ನಾನು ಅವರ ಜೊತೆ ಉಳಿದಿದ್ದೆ. ಹಿತ್ತಲಿನ ಬಚ್ಚಲುಮನೆಯ ಮರೆಯಲ್ಲಿ ನನ್ನ ಕೈ ಹಿಡಿದು, ಗೋಡೆಗೆ ಕಿವಿ ಕೊಟ್ಟು ನಿಂತರು. ಕಾರು ಕೆಮ್ಮಿತು, ಗುರುಗುಟ್ಟಿತು, ಮಾರಮ್ಮನ ಗುಡಿ ದಾಟಿ ದೂರವಾಯಿತು. "ಕೆರೆ ಏರಿ ಅತ್ತಿತು. ಬಾ ಮಗ, ಕಾಪಿ ಕುಡ್ಯಾನ" ಎಂದರು. ಕಣ್ಣಾಮುಚ್ಚಾಲೆಯೆಂದು ತಿಳಿದು ನಾನು ಖುಷಿಯಾಗಿ ಕುಣಿದಿದ್ದೆ.

ಆಮೇಲೆ ಹೊಲಗಳೆಲ್ಲ ಸೈಟುಗಳಾದವು, ತಮ್ಮ ಬಿಲ್ಡರ್ ಆದ, ಕೊಟ್ಟಿಗೆ ಕೆಡವಿ ಗ್ರಾನೈಟ್ ಹಾಸಿದೆವು. ಅಪ್ಪನೂ ಚಿಕ್ಕಪ್ಪನೂ ಇಲ್ಲವಾದರು, ನಂಜತ್ತೆ ಉಳಿದರು. ಎರಡು ವರ್ಷದ ಹಿಂದೆ ತಮ್ಮ ಏಳು ಜನ ಕೂರುವ ಎಲೆಕ್ಟ್ರಿಕ್ ಕಾರು ತಂದ. ಗಾಜಿನ ಛಾವಣಿ, ಟಿವಿಯಂಥ ಪರದೆ, ದಾರಿ ಹೇಳುವ ಹೆಣ್ಣುದನಿ. ಚಿಕ್ಕಪ್ಪ ಇದ್ದಿದ್ದರೆ ಅದರೊಳಗೇ ಮಲಗುತ್ತಿದ್ದರು. ಅದರ ಮೊದಲ ಶುಭಪ್ರಯಾಣ ನನ್ನ ಮಗಳ ಸಂಬಂಧ ಗಟ್ಟಿ ಮಾಡಲು, ಸಹಕಾರನಗರದಲ್ಲಿದ್ದ ಹುಡುಗನ ಮನೆಗೆ. ಬೆಳಿಗ್ಗೆ ನಾವು ತಾಂಬೂಲದ ತಟ್ಟೆ ಜೋಡಿಸುತ್ತಿದ್ದಾಗ ಅತ್ತೆ ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದದ್ದನ್ನು ನಾನು ಕಂಡೆ. ನಾನು ಓದಿದವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಆದರೂ ಆ ಕ್ಷಣ ನನ್ನ ಮನಸ್ಸಿನಲ್ಲಿ ಬಂದದ್ದು, ಸದ್ಯ, ತಾವಾಗಿಯೇ ಹೋದರಲ್ಲ ಎಂಬ ನಿರಾಳ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಮಾತುಕತೆ ಚೆನ್ನಾಗಿ ನಡೆದು, ಊಟದ ಹೊತ್ತಿಗೆ ನಾವು ನಗುನಗುತ್ತ ವಾಪಸು ಬಂದೆವು. ಮುಂಬಾಗಿಲು ನಾವು ಬಿಟ್ಟುಹೋದ ಹಾಗೆಯೇ ಹಾರು ಹೊಡೆದಿತ್ತು. ಅಡುಗೆಮನೆಯಲ್ಲಿ ಅತ್ತೆಯ ಕಾಫಿ ಲೋಟ ತೊಳೆದಿಟ್ಟಲ್ಲೇ ಬೋರಲಾಗಿತ್ತು. ಹಿತ್ತಲಿಗೆ ಹೋದರೆ, ವಾಷಿಂಗ್ ಮಷೀನಿನ ಪಕ್ಕದ ಗೋಡೆಗೆ ಒರಗಿ, ಬರಿಗಾಲಲ್ಲಿ, ಎಂಬತ್ತು ದಾಟಿದ ಜೀವ ನಿಂತೇ ಇತ್ತು. ಪಾದಗಳು ಊದಿದ್ದವು. ನನ್ನನ್ನು ಕಂಡದ್ದೇ ಗಾಬರಿಯಿಂದ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ಯಾಕ್ ಮಗ, ಇನ್ನೂ ಒಂಟಿಲ್ವಾ? ಗಾಡಿ ಸದ್ದೇ ಕೇಳ್ಲಿಲ್ಲ. ರಾಹುಕಾಲ ಕಳೀಲಿ ಅಂತ ಒಳ್ಗೇ ಕುಂತಿದ್ದೀರೇನೋ ಅಂದ್ಕೊಂಡೆ."

"ಹೋಗಿ ಬಂದ್ವಿ ಅತ್ತೆ," ಎಂದೆ.

ಅವರು ಮೆಲ್ಲಗೆ ಇತ್ತ ತಿರುಗಿ ನನ್ನ ಮುಖವನ್ನೇ ನೋಡಿದರು. "ಎಲ್ಲಾ ಸರಿ ಓಯ್ತಾ? ಯಾರೂ ಅಡ್ಡ ಬರ್ಲಿಲ್ವಲ್ಲ?"

"ಇಲ್ಲ ಅತ್ತೆ."

"ಅಷ್ಟಾದ್ರೆ ಸಾಕು ಕಣ್ ಮಗ," ಎಂದು ಗೋಡೆ ಹಿಡಿದುಕೊಂಡು ಒಳಗೆ ನಡೆದರು. ನಿಜಕ್ಕೂ ಸಂತೋಷಪಟ್ಟಿದ್ದರು. ಅವರು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಗಳ ಮದುವೆಗೆ ಮೊದಲೇ ಅತ್ತೆ ತೀರಿಕೊಂಡರು. ಅವರ ಮಾತು ಬಂದಾಗಲೆಲ್ಲ ತಮ್ಮ, "ಅವತ್ತು ಹೋಗ್ತಾ ನಾವು ಒಂದು ಮಾತು ಹೇಳಿ ಹೋಗ್ಬೇಕಿತ್ತು ಕಣಕ್ಕ" ಎನ್ನುತ್ತಾನೆ. ನಾನು ಹೂಂ ಎನ್ನುತ್ತೇನೆ. ಹೇಳಿ ಹೋಗುವುದಲ್ಲ, ಕರೆದುಕೊಂಡು ಹೋಗಬೇಕಿತ್ತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆ ದಿನ ಕಾರಿನಲ್ಲಿ ನಾವಿದ್ದದ್ದು ಐದೇ ಜನ. ಹಿಂದಿನ ಸಾಲಿನಲ್ಲಿ, ಎರಡು ಸೀಟಿನ ಮೇಲೂ, ಹಣ್ಣಿನ ಬುಟ್ಟಿಗಳನ್ನು ಕೂರಿಸಿಕೊಂಡು ಹೋಗಿದ್ದೆವು.