ಓದದೆ ಬಿಟ್ಟ ಸಾಲು

ಅಕ್ಕಲಕೋಟೆಯಲ್ಲಿ ನಮ್ಮ ಪಕ್ಕದ ಮನೆಯವರದು ಬಟ್ಟೆ ಅಂಗಡಿ. ಆ ಮನೆಯ ಕಿರಿಯ ಮಗ ಅಂಗಡಿಯಲ್ಲಿ ಕೂರಲಾರೆನೆಂದು ಸೈನ್ಯಕ್ಕೆ ಸೇರಿದ. ಯುದ್ಧದಲ್ಲಿ ಗಾಯಗೊಂಡ ಇಬ್ಬರನ್ನು ಗುಂಡು ಹಾರುತ್ತಿರುವಾಗಲೇ ಎಳೆದು ತಂದ. ಮೂರನೆಯವನಿಗಾಗಿ ಹೋದವನು ತಿರುಗಿ ಬರಲಿಲ್ಲ. ಅವನ ಹೆಸರಿಗೆ ಶೌರ್ಯಪದಕ ಬಂತು. ಆಗ ಅವನಿಗೆ ಇಪ್ಪತ್ತಮೂರು, ನನಗೆ ಇಪ್ಪತ್ತು. ಇಷ್ಟನ್ನು ಊರಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನಾನು ಬರೆಯಬೇಕಾದದ್ದು ಬೇರೆ.

ಅವನ ಕಾಗದಗಳನ್ನು ಅವನ ಅವ್ವನಿಗೆ, ನಮ್ಮ ಕಾಕುಗೆ, ಓದಿ ಹೇಳುತ್ತಿದ್ದವಳು ನಾನು. ಆ ಮನೆಯಲ್ಲಿ ಕನ್ನಡ ಶಾಲೆಗೆ ಹೋದವನು ಅವನೊಬ್ಬನೇ, ಉಳಿದ ಗಂಡಸರದು ಮರಾಠಿ ಶಾಲೆ. ನಾಗಣಸೂರಿನಿಂದ ಮದುವೆಯಾಗಿ ಬಂದ ಕಾಕುಗೆ ಓದು ಬಾರದು. ಮಗನ ಮೇಲಿನ ಸಿಟ್ಟಿಗೆ ಅವನ ಅಪ್ಪ, ಕಾಕಾ, ಕಾಗದ ಮುಟ್ಟುತ್ತಿರಲಿಲ್ಲ. ಅವರು ಊಟ ಮುಗಿಸಿ ಅಂಗಡಿಗೆ ಹೋದ ಮೇಲೆ ಕಾಕು ಕರೆಯುತ್ತಿದ್ದರು: "ಏ ತಂಗಿ, ಬಾ ಇಲ್ಲಿ. ನಿನ್ನ ಬಿ.ಎ. ನಮಗೂ ಸ್ವಲ್ಪ ಉಪಯೋಗ ಆಗ್ಲಿ!" ನಾನು ಓದುತ್ತಿದ್ದೆ, ಅವರು ಹೇಳಿದ ಉತ್ತರವನ್ನೂ ಬರೆಯುತ್ತಿದ್ದೆ.

ನಮ್ಮ ಓಣಿಯಲ್ಲಿ ಓದಿ ಹೇಳುವವರು ಕೆಟ್ಟದ್ದನ್ನು ಹಾರಿಸಿಬಿಡುವುದು ರೂಢಿ. ನನ್ನ ಅಜ್ಜಿಯ ತಮ್ಮ ಸತ್ತ ಸುದ್ದಿಯ ಕಾಗದವನ್ನು ಅಪ್ಪ ಅವಳಿಗೆ "ಆರಾಮಿಲ್ಲಂತ" ಎಂದು ಓದಿದ್ದನ್ನು ಕೇಳಿದವಳು ನಾನು. ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ. ಹಾಗೆಯೇ ಅವನ ಕೊನೆಯ ಕಾಗದದಲ್ಲಿ ನಾನೂ ಒಂದಿಷ್ಟು ಹಾರಿಸಿದೆ. ಅಂಜಿಕೆಯಾಗುತ್ತದೆ ಎಂದು ಬರೆದಿದ್ದ. ಅವ್ವನಿಗೆ ಹೇಳಬೇಡ ಎಂದು, ಓದುವವಳು ನಾನೆಂದು ಗೊತ್ತಿದ್ದೇ, ಬರೆದಿದ್ದ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ನನ್ನ ದಿನಚರಿಯಲ್ಲೂ ಎರಡು ಕಡೆ ಹಾಗೆಯೇ ಇದೆ. ಆದರೆ ಅವೆರಡೂ ಬಹಳ ವರ್ಷಗಳ ನಂತರ ಬರೆದವು.

ಹೋದ ತಿಂಗಳು ಅವನ ಅಣ್ಣನ ಮಗ, ನಾನೀಗ ಇರುವ ಸೊಲ್ಲಾಪುರಕ್ಕೆ ಫೋನ್ ಮಾಡಿದ. ಅಂಗಡಿಯ ಜೊತೆಗೆ ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವನದೊಂದು ಚಾದರಿನ ಗೋದಾಮೂ ಇದೆ. ತನ್ನ ಚಿಕ್ಕಪ್ಪ ಆಮೇಲೆ ಓದಿದ ಮರಾಠಿ ಹೈಸ್ಕೂಲಿನ ಗೋಡೆಗೆ ಫೋಟೋ, ಪದಕದ ವಿವರ, ಕಾಗದದ ನಾಲ್ಕು ಮಾತು ಹಾಕಿಸುವುದಿತ್ತು.

"ಆತ್ಯಾ, ನನಗ ಆ ಕನ್ನಡ ಅಕ್ಷರ ಜಿಲೇಬಿ ಕಂಡಂಗ ಕಾಣ್ತಾವ. ನೀವ ಮರಾಠಿ ಮಾಡಿ ಕೊಡ್ರಿ. ಧೈರ್ಯದ್ದು ಏನೈತಿ ಅಷ್ಟ ಸಾಕು, ಗೋಡಿ ಸಣ್ಣದೈತಿ."

ರವಿವಾರ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋದೆ. ಕಾಕಾ ತೀರಿಕೊಂಡು ಬಹಳ ದಿನವಾಯಿತು. ಎಂಬತ್ತರ ಹತ್ತಿರದ ಕಾಕು ಗೋಡೆಗೆ ಒರಗಿ ಕೂತಿದ್ದರು. ಹುಡುಗ ಬಿಸ್ಕಿಟಿನ ಡಬ್ಬಿ ನನ್ನ ಮುಂದಿಟ್ಟು ಅಂಗಡಿಗೆ ಹೋದ. ಒಳಗೆ ಹದಿನಾಲ್ಕು ಕಾಗದ. ಕೊನೆಯದನ್ನೇ ಮೊದಲು ಬಿಚ್ಚಿದೆ.

"ಅವ್ವಾ, ಇಲ್ಲಿ ಹಗಲಿ ರಾತ್ರಿ ಗುಂಡಿನ ಸಪ್ಪಳ. ನನಗ ಭಾಳ ಅಂಜಿಕಿ ಆಗತೈತಿ. ಅಪ್ಪಗ ಹೇಳಬ್ಯಾಡ, ನಗ್ತಾನ. ನಿನಗಷ್ಟ ಹೇಳಾಕತ್ತೀನಿ. ನೀ ಏನರ ಬರಿ."

ಹೇಳಬೇಡ ಎಂದದ್ದು ಅಪ್ಪನಿಗೆ. ಅದನ್ನು ಅವ್ವನಿಗೆ ಅಂಟಿಸಿದ್ದು ನನ್ನ ನೆನಪು. ಯಾವಾಗ ಅಂಟಿಸಿತೋ ತಿಳಿಯದು. ನನ್ನ ಅನುಕೂಲಕ್ಕೆ ಎಂಬುದಂತೂ ತಿಳಿಯುತ್ತದೆ.

"ಯಾಕ ಸುಮ್ಮನಾದಿ? ನಿನಗೂ ಜಿಲೇಬಿ ಆದ್ವೇನ?" ಎಂದು ಕಾಕು ನಕ್ಕರು.

ಮತ್ತೆ ಹಾರಿಸಬಹುದಿತ್ತು. ಆ ಮನೆಯಲ್ಲಿ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದೆ. ಕಾಕು ಇನ್ನೊಮ್ಮೆ ಓದಿಸಿಕೊಂಡರು.

"ಇದು ಅವಾಗ ಓದಿರಲಿಲ್ಲ ನೀ."

"ಇಲ್ಲರಿ ಕಾಕು. ನಿಮಗ ತ್ರಾಸ ಆಗಬಾರದಂತ..."

"ತ್ರಾಸ ನನಗ ಆಗಬೇಕಿತ್ತವಾ. ಅವ ನನ್ನ ಮಗ." ಕಾಗದದ ಕಡೆ ಬೆರಳು ಮಾಡಿ ಕೇಳಿದರು, "ಇದಕ್ಕ ನಾವು ಏನ್ ಬರದ್ವಿ?"

ಶೇಂಗಾ ಹಿಂಡಿ ಚಟ್ನಿ ಕಳಿಸಿದ್ದು, ಅವನ ಅಣ್ಣನಿಗೆ ಹೆಣ್ಣು ನೋಡಿ ಬಂದದ್ದು: ನನಗೆ ನೆನಪಿರುವುದು ಇಷ್ಟು. ಅದೂ ಅದೇ ಕಾಗದದ ಉತ್ತರವೋ, ಅದರ ಹಿಂದಿನದೋ, ಆಣೆ ಮಾಡಲಾರೆ. ಅಂಜಿಕೆಯ ಬಗ್ಗೆ ಒಂದು ಮಾತೂ ಇರಲಿಲ್ಲ ಎಂದು ಮಾತ್ರ ಆಣೆ ಮಾಡಬಲ್ಲೆ. ಹಾಗೆಂದೇ ಹೇಳಿದೆ.

"ಅಂದ್ರ ಅವ ತಿಳ್ಕೊಂಡಿರ್ತಾನ, ಅವ್ವ ಎಲ್ಲಾ ಕೇಳಿ ಹಿಂಡಿ ಸುದ್ದಿ ಬರಸ್ಯಾಳ ಅಂತ."

"ನಮ್ಮ ಕಾಗದ ಅವಗ ಮುಟ್ಟಿರಲಿಕ್ಕಿಲ್ಲರಿ."

"ನೀ ಮತ್ತ ಹಾರಸಬ್ಯಾಡ," ಎಂದರು ಕಾಕು.

ಅವರು ಅಳಲಿಲ್ಲ. ಯಾವ ಅಳುವಿಗೆ ಹೆದರಿ ನಾನು ಅಂದು ಹಾರಿಸಿದ್ದೆನೋ ಅದು ಬರಲೇ ಇಲ್ಲ. ಡಬ್ಬಿ ನನ್ನ ಕಡೆ ಸರಿಸಿ, "ಮೊದಲಿಂದ ಓದು" ಎಂದರು. ಓದಿದೆ. ಎರಡು ಸಾಲಿಗೊಮ್ಮೆ ಕೈ ಎತ್ತುತ್ತಿದ್ದರು. "ಇದು ಅವಾಗ ಓದಿದ್ದೇನ?" ಕೆಲವಕ್ಕೆ ಹೌದೆಂದೆ. ನಾಲ್ಕನೆಯ ಕಾಗದದಲ್ಲಿ, ಚಳಿಗೆ ಕಾಲು ಬಾತು ಬೂಟು ಏರುತ್ತಿಲ್ಲ ಎಂದಿತ್ತು. "ಇದು?" ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ಆರು ಮುಗಿದವು. ಹುಡುಗ ಅಂಗಡಿಯಿಂದ ಬಂದವನು, "ಆಯ್ತೇನ್ರಿ ಆತ್ಯಾ? ಇಲ್ಲಂದ್ರ ಡಬ್ಬಿ ಸೊಲ್ಲಾಪುರಕ್ಕ ಒಯ್ರಿ, ಸಾವಕಾಶ ಬರೀರಿ" ಎಂದ.

ಕಾಕು ಡಬ್ಬಿಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಒಯ್ಯೂದು ಬ್ಯಾಡ. ಇಲ್ಲೇ ಬಂದು ಓದ್ಲಿ. ನನ್ನ ಮುಂದ."