ಹ್ಯಾಂಡಲ್‌ಗಿಂತ ಅಗಲದ ಪೆಟ್ಟಿಗೆಗಳು

೨೦೧೩ರಲ್ಲಿ ನಾನು ಸಿಂಗಸಂದ್ರದಲ್ಲಿ, ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಕ್ರಾಸ್‌ನಲ್ಲಿ, ಬೈಕುಗಳಿಗೆ ಆಕ್ಸೆಸರಿ ಜೋಡಿಸುವ ಅಂಗಡಿ ನಡೆಸುತ್ತಿದ್ದೆ. ಸ್ಯಾರಿ ಗಾರ್ಡ್, ಕ್ರ್ಯಾಶ್ ಗಾರ್ಡ್, ಹಾರ್ನ್ ಇವೇ ನನ್ನ ಅನ್ನ. ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳಿಗೆ ಬೈಕಿನಲ್ಲಿ ದೂರದ ಊರು ಸುತ್ತುವ ಹುಚ್ಚು ಹಿಡಿದ ಮೇಲೆ ಪ್ಯಾನಿಯರ್‌ಗಳಿಗೆ, ಅಂದರೆ ಹಿಂಚಕ್ರದ ಎರಡೂ ಬದಿಗೆ ಕೂರಿಸುವ ಲಗೇಜ್ ಪೆಟ್ಟಿಗೆಗಳಿಗೆ, ಬೇಡಿಕೆ ಬಂತು. ಅದನ್ನು ನಮ್ಮ ಕ್ರಾಸ್‌ನಲ್ಲಿ ಮೊದಲು ಗುರುತಿಸಿದವನು ನಾನು. ಅದರಿಂದ ಉದ್ಧಾರವಾದವನು ಮಂಜುನಾಥ.

ಮಂಜುನಾಥ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ನನ್ನ ಎದುರಿಗೇ ಗಾಜಿನ ಬಾಗಿಲಿನ, ಎ.ಸಿ. ಹಾಕಿದ ಅಂಗಡಿ ತೆರೆದಿದ್ದ. ಹಬ್ಬಕ್ಕೆ ಮಾವನ ಮನೆಗೆ ಹೋದರೆ ಎಲ್ಲರ ಬಾಯಲ್ಲೂ ಆ ಅಂಗಡಿಯದೇ ಮಾತು. ಅತ್ತೆ ಅವನ ಎಲೆಗೆ ಮತ್ತೊಂದು ಒಬ್ಬಟ್ಟು ಹಾಕುವಾಗ ನಾನು ನನ್ನ ಎಲೆ ಮಡಚಿ ಎದ್ದುಬಿಡುತ್ತಿದ್ದೆ. ಇದಕ್ಕೆ ಹೊಟ್ಟೆಕಿಚ್ಚು ಅಂತಲೇ ಹೆಸರು, ಬೇರೆ ಹೆಸರು ನಾನು ಹುಡುಕಲು ಹೋಗಲಿಲ್ಲ.

ಆ ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯ ಹನ್ನೆರಡು ಬೈಕುಗಳ ತಂಡ ಗುಜರಾತಿನ ಕಚ್‌ಗೆ ಹೊರಟಿತ್ತು. ಅದರ ಮುಂದಾಳು ಪ್ರವೀಣ್, ನನ್ನ ಹಳೆಯ ಗಿರಾಕಿ. ಅವನ ಬೈಕಿಗೆ ಯಾರು ಪೆಟ್ಟಿಗೆ ಹಾಕುತ್ತಾರೋ ಉಳಿದವರೂ ಅವರಲ್ಲಿಗೇ ಬರುವುದು ಖಂಡಿತವಿತ್ತು. ನಾನು ಅವನಿಗೆ ಬದಿಗೆ ಮೂವತ್ತು ಲೀಟರಿನ ಪೆಟ್ಟಿಗೆ ಸಾಕು ಎಂದಿದ್ದೆ. ಪೆಟ್ಟಿಗೆಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದನ್ನು ಲೀಟರಿನಲ್ಲೇ ಹೇಳುವುದು ವಾಡಿಕೆ. ಅವನು ಯೋಚಿಸುತ್ತೇನೆ ಎಂದು ಹೋದ. ಎರಡು ದಿನ ಕಳೆದು ಮಂಜುನಾಥನ ಅಂಗಡಿಯಿಂದ ನಲವತ್ತೈದು ಲೀಟರಿನ ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿಸಿಕೊಂಡು ಹೊರಬಂದ. ಸುಳ್ಳು ಹೇಳಬಾರದು, ನೋಡಲು ಭರ್ಜರಿಯಾಗಿದ್ದವು. ನನ್ನ ಮೈಯೆಲ್ಲ ಉರಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಪೆಟ್ಟಿಗೆಗಳು ಹಿಂದಿನ ಇಂಡಿಕೇಟರ್‌ಗಳನ್ನು ಮರೆಮಾಡಿದ್ದವು. ವೈರ್ ಉದ್ದ ಮಾಡಿ ಅವನ್ನು ಹೊರಗೆ ತರಬೇಕಿತ್ತು. ಮಂಜುನಾಥನ ಎಲೆಕ್ಟ್ರಿಷಿಯನ್ ರಜೆಯಲ್ಲಿದ್ದನಂತೆ, ಆ ಚಿಲ್ಲರೆ ಕೆಲಸಕ್ಕೆ ಪ್ರವೀಣನನ್ನು ನನ್ನ ಹತ್ತಿರ ಕಳಿಸಿದ. ಪ್ರವೀಣನ ಜೊತೆ ಅವನ ಹೆಂಡತಿ ದೀಪಾ ಕೂಡ ಬಂದಿದ್ದರು. ಕಚ್‌ವರೆಗೆ ಹಿಂದೆ ಕೂರುವವರು ಅವರೇ.

ವೈರ್ ಎಳೆದು ಮುಗಿಸಿ ಅಳತೆಯ ಟೇಪ್ ಹಿಡಿದೆ. ಹ್ಯಾಂಡಲ್ ಮೂವತ್ತೆರಡು ಇಂಚು. ಹಿಂದೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಲವತ್ತು. ಸೈಲೆನ್ಸರ್‌ಗೆ ಜಾಗ ಬಿಡಬೇಕಾದ್ದರಿಂದ ಆ ಬದಿಯ ಪೆಟ್ಟಿಗೆ ಇನ್ನೂ ಹೊರಗೆ ಚಾಚಿತ್ತು. ನಮ್ಮ ಊರಿನ ಸವಾರ ಬಸ್ಸು ಲಾರಿಗಳ ನಡುವೆ ನುಗ್ಗುವಾಗ ಹ್ಯಾಂಡಲ್ ತೂರಿದರೆ ಸಾಕು, ಇಡೀ ಬೈಕು ತೂರಿತು ಎಂದುಕೊಳ್ಳುತ್ತಾನೆ. ಹಿಂದಿನ ಪೆಟ್ಟಿಗೆ ತಗುಲಿದರೆ ಮೊದಲು ಬೀಳುವವರು ಹಿಂದೆ ಕೂತವರು.

ನಾನು ಬಾಯಿ ತೆರೆಯುವ ಮೊದಲೇ ಪ್ರವೀಣ್ ನಕ್ಕ. "ಸಾರ್, ನೀವು ಏನಾದ್ರೂ ಕೊಂಕು ತೆಗೆದೇ ತೆಗೀತೀರ ಅಂತ ಮಂಜಣ್ಣ ಮೊದ್ಲೇ ಹೇಳಿದ್ರು."

ಹೊಟ್ಟೆಕಿಚ್ಚಿನವನು ನಿಜ ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತೇ ಆಗುತ್ತದೆ. ಅದಕ್ಕಿಂತ ಕಷ್ಟವೆಂದರೆ, ನಾನು ಯಾವುದಕ್ಕಾಗಿ ಹೇಳಲು ಹೊರಟಿದ್ದೇನೆ ಎಂಬುದು ನನಗೇ ಖಾತ್ರಿಯಿರಲಿಲ್ಲ. ಸುಮ್ಮನಿದ್ದುಬಿಡೋಣ ಎನಿಸಿತು. ಅಷ್ಟರಲ್ಲಿ ದೀಪಾ ಹಿಂದಿನ ಸೀಟಿನ ಮೇಲೆ ಕೂತು, ಕಾಲು ಎಲ್ಲಿಡುವುದು ಎಂದು ನೋಡತೊಡಗಿದರು.

ಅಂಗಡಿಯ ಮುಂದೆ ಟ್ಯಾಂಕರ್ ನೀರು ಹಿಡಿದಿಡುವ ಎರಡು ನೀಲಿ ಡ್ರಮ್ ಖಾಲಿ ಇದ್ದವು. ಅವನ್ನು ರಸ್ತೆಗೆ ಉರುಳಿಸಿ, ಹ್ಯಾಂಡಲ್ ಅಗಲಕ್ಕಿಂತ ನಾಲ್ಕು ಬೆರಳು ಹೆಚ್ಚು ಅಂತರ ಬಿಟ್ಟು ನಿಲ್ಲಿಸಿದೆ. ದೀಪಾ ಅವರನ್ನು ಇಳಿಸಿ, ನಿಧಾನವಾಗಿ ಇವುಗಳ ನಡುವೆ ದಾಟಿ ತೋರಿಸಿ ಎಂದು ಪ್ರವೀಣನಿಗೆ ಹೇಳಿದೆ. ಹ್ಯಾಂಡಲ್ ಸಲೀಸಾಗಿ ದಾಟಿತು. ಹಿಂದೆಯೇ ಪೆಟ್ಟಿಗೆ ಡ್ರಮ್ಮಿಗೆ ಬಡಿದು ಬೈಕು ಓಲಾಡಿತು, ಅವನು ಎರಡೂ ಕಾಲು ಊರಿ ನಿಂತ. ದೀಪಾ ಗಂಡನ ಮುಖವನ್ನೇ ನೋಡಿದರು.

ಸದ್ದು ಕೇಳಿ ಮಂಜುನಾಥ ರಸ್ತೆ ದಾಟಿ ಬಂದ. "ಅಣ್ಣ, ಹೊಟ್ಟೆಕಿಚ್ಚಿಗೆ ಇಷ್ಟೆಲ್ಲ ಮಾಡ್ಬೇಕಾ?"

"ಹೂಂ ಕಣಯ್ಯ, ಹೊಟ್ಟೆಕಿಚ್ಚೇ. ಟೇಪ್ ತಗೋ, ನೀನೇ ಹಿಡಿದು ನೋಡು."

ಗಿರಾಕಿಯ ಎದುರು ಬೇರೆ ದಾರಿಯಿರಲಿಲ್ಲ. ಅವನು ಹ್ಯಾಂಡಲ್ ಅಳೆದ, ಪೆಟ್ಟಿಗೆ ಅಳೆದ, ಮತ್ತೊಮ್ಮೆ ಅಳೆದ. ಬೈಕನ್ನು ತನ್ನ ಅಂಗಡಿಗೆ ತಳ್ಳಿಕೊಂಡು ಹೋಗಿ, ಸಂಜೆಯೊಳಗೆ ತೆಳುವಾದ ಮೂವತ್ತು ಲೀಟರಿನ ಜೋಡಿ ಕೂರಿಸಿಕೊಟ್ಟ. ಹ್ಯಾಂಡಲ್ ಅಳತೆಗೆ ಸರಿಯಾಗಿ ಕೂತವು. ಇಂಡಿಕೇಟರ್‌ಗಳು ಈಗ ಮರೆಯಾಗಿರಲಿಲ್ಲ, ಹಾಗಾಗಿ ನಾನು ಎಳೆದ ವೈರೂ ಬೇಡವಾಯಿತು. ಅದನ್ನು ಬಿಚ್ಚಿದವನೂ ನಾನೇ. ತಪ್ಪು ಎಂದು ತಿಳಿದ ಕೂಡಲೇ ಬದಲಿಸಿಕೊಟ್ಟ ಮಂಜಣ್ಣನ ನಿಯತ್ತನ್ನು ಪ್ರವೀಣ್ ನನ್ನೆದುರೇ ಹೊಗಳಿದ. ಉಳಿದ ಹನ್ನೊಂದು ಬೈಕುಗಳೂ ಎದುರಿನ ಗಾಜಿನ ಬಾಗಿಲಿಗೇ ಹೋದವು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಮನಸ್ಸು ಶುದ್ಧವಾಗಲಿ, ಆಮೇಲೆ ನಿಜ ಹೇಳುತ್ತೇನೆ ಎಂದು ಕಾಯುತ್ತ ಕೂರಬಾರದು. ನನ್ನದು ಆಗಲೂ ಶುದ್ಧವಾಗಿರಲಿಲ್ಲ, ಆಮೇಲೂ ಆಗಲಿಲ್ಲ. ತಂಡ ಕಚ್‌ನಿಂದ ವಾಪಸಾದ ದಿನ ಹನ್ನೆರಡು ಬೈಕುಗಳೂ ಮಂಜುನಾಥನ ಅಂಗಡಿಯ ಮುಂದೆ ಸಾಲಾಗಿ ನಿಂತವು, ಅವನು ಎಲ್ಲರಿಗೂ ಕಾಫಿ ತರಿಸಿದ. ನಾನು ಈಚೆಯಿಂದ ಒಂದೊಂದೇ ಪೆಟ್ಟಿಗೆಯನ್ನು ಕಣ್ಣಲ್ಲೇ ಅಳೆದೆ, ಒಂದಾದರೂ ಹೆಚ್ಚು ಚಾಚಿರಲಿ ಎಂಬ ಆಸೆಯಿಂದ. ಒಂದೂ ಇರಲಿಲ್ಲ. ಎಲ್ಲ ಸರಿಯಾಗಿ ಹಾಕಿದ್ದ. ದೀಪಾ ನಗುತ್ತ ಸೀಟಿನಿಂದ ಇಳಿಯುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಲೇ ಇತ್ತು.