ನಿಮ್ಮವ್ವ ಚೀಲದಲ್ಲಿ ಮಡಗಿದ್ದು

ದಾಕ್ಷಾಯಿಣಿ, ನಿಮ್ಮವ್ವ ಮರೆತಿರಲಿಲ್ಲ. ಆ ಕೆಂಪು ರಬ್ಬರ್ ಶೀಟನ್ನು ಅವರು ಮಡಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ನಿನ್ನ ಚೀಲದ ತಳದಲ್ಲಿ ಇಟ್ಟೇ ಕಳಿಸಿದ್ದರು. ಅದನ್ನು ತೆಗೆದವಳು ನಾನು, ನಿನ್ನ ಗೈಡ್ಸ್ ಮಿಸ್. ತೆಗೆದದ್ದಷ್ಟೇ ಅಲ್ಲ — ನೀನು ಬಂದು ಕೇಳಿದಾಗ ಕಂಡೇ ಇಲ್ಲ ಎಂದೆ. ಅದಾಗಿ ಹತ್ತು ವರ್ಷ ದಾಟಿತು. ಹೋದ ವಾರ ನಂಜನಗೂಡಿನ ಪೇಟೆಬೀದಿಯಲ್ಲಿ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿದೆ. ಈ ಸಲ ನಿಮ್ಮವ್ವನ ಮುಖ ನೋಡಿಕೊಂಡೇ ಹೇಳಿದೆ.

ಗಂಟುಮೂಟೆ ಕಂಡರೆ ನನಗಾಗದು ಎನ್ನುವುದು ಇಡೀ ಹೈಸ್ಕೂಲಿಗೆ ಗೊತ್ತಿತ್ತು. ನೀವೆಲ್ಲ ಬೆನ್ನ ಹಿಂದೆ ‘ಗಂಟು ಮಿಸ್ಸು’ ಎನ್ನುತ್ತಿದ್ದಿರಿ, ಗೊತ್ತಿಲ್ಲದವಳಂತೆ ಇರುತ್ತಿದ್ದೆ. ಅದಕ್ಕೆ ಕಾರಣ ನಮ್ಮಜ್ಜಿ. ಆಕೆ ಮೈಸೂರಿನ ಮಗಳ ಮನೆಗೆ ಹೊರಟರೂ ಮಡಿಸೀರೆ, ತನ್ನದೇ ಚೊಂಬು, ತನ್ನದೇ ಇದ್ದಿಲೊಲೆ, ಒಂದು ಬಿಂದಿಗೆ ಕಪಿಲೆ ನೀರು — ಎಲ್ಲ ರೈಲು ಹತ್ತಬೇಕಿತ್ತು. ಹೊರುವವಳು ನಾನು. ದೊಡ್ಡವಳಾದ ಮೇಲೆ ಕೈಬೀಸಿಕೊಂಡು ಪ್ರಯಾಣ ಮಾಡುತ್ತೇನೆ ಎಂದು ಆಗಲೇ ಹಟ ತೊಟ್ಟಿದ್ದೆ.

ಗೈಡ್ಸ್ ಹುಡುಗಿಯರನ್ನು ಮೊದಲ ಸಲ ಟಿ. ನರಸೀಪುರದ ಕ್ಯಾಂಪಿಗೆ ಕರೆದೊಯ್ದಾಗ ಅಜ್ಜಿಯೇ ಹತ್ತಾರು ರೂಪ ತಾಳಿ ಎದುರು ನಿಂತ ಹಾಗಾಯಿತು. ಎರಡು ರಾತ್ರಿಯ ಕ್ಯಾಂಪಿಗೆ ತಗಡಿನ ಟ್ರಂಕು, ಹಾಸಿಗೆ ಸುರುಳಿ, ಚಕ್ಕುಲಿ ಡಬ್ಬ, ಉಪ್ಪಿನಕಾಯಿ ಜಾಡಿ. ಒಬ್ಬಳೂ ಒರಳುಕಲ್ಲು ತಂದಿರಲಿಲ್ಲ, ಅಷ್ಟೇ. “ಏನ್ ಮೇಡಮ್ಮೋರೇ, ಮನೆ ಖಾಲಿ ಮಾಡ್ಕಂಡ್ ಒಂಟೀರಾ?” ಎಂದು ಕಂಡಕ್ಟರ್ ಕೇಳಿದ. ಬಸ್ಸಿನವರೆಲ್ಲ ನಕ್ಕರು.

ಅಲ್ಲಿಂದ ಮುಂದೆ ನನ್ನ ಪದ್ಧತಿ ಶುರುವಾಯಿತು. ತಲೆಗೊಂದು ಹೆಗಲಚೀಲ, ಇನ್ನೇನೂ ಇಲ್ಲ. ಒಂದು ದುಪ್ಪಟಿ ಇದ್ದರೆ ಅದೇ ಹೊದಿಕೆ, ಅದೇ ಸ್ನಾನಕ್ಕೆ ಮರೆ, ಅದೇ ಸೌದೆ ಹೊರುವಾಗ ಸಿಂಬಿ. ಉಪ್ಪು ಖಾಲಿ ಮುಲಾಮಿನ ಶೀಶೆಯಲ್ಲಿ. ಅಕ್ಕಿಯನ್ನೂ ಬೇಳೆಯನ್ನೂ ಮನೆಯಲ್ಲೇ ಬೆರೆಸಿ ಒಂದೇ ಗಂಟು. ಲಂಗವನ್ನು ಸುರುಳಿ ಸುತ್ತಿ ಲೋಟದೊಳಗೆ ತುರುಕಬೇಕು, ಲೋಟದ ಹೊಟ್ಟೆ ಖಾಲಿ ಇರಕೂಡದು. ಮೊದಲು ಬೇಕಾದದ್ದು ಚೀಲದ ಬಾಯಿಗೆ, ಮಲಗುವ ಹೊತ್ತಿಗೆ ಬೇಕಾದದ್ದು ತಳಕ್ಕೆ. ಕಟ್ಟಿ ಮುಗಿದ ಮೇಲೆ ಎರಡು ಬೆರಳ ಪರೀಕ್ಷೆ — ಚೀಲವನ್ನು ಎರಡೇ ಬೆರಳಿಗೆ ನೇತುಹಾಕಿಕೊಂಡು ಸ್ಕೂಲಿನ ಗೇಟಿನಿಂದ ಬೇವಿನಮರದವರೆಗೆ ಹೋಗಿಬರಬೇಕು. ಬೆರಳು ನೊಂದರೆ ಚೀಲ ಬಿಚ್ಚಿ ಒಂದು ಸಾಮಾನು ಕಡಿಮೆ ಮಾಡಬೇಕು. ಅದನ್ನು ತೆಗೆಯುವವಳು ಚೀಲದ ಒಡತಿಯೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಈ ನಿಯಮ ಮಾಡಿದವಳೂ ನಾನೇ.

ನೋಡು, ಇಷ್ಟು ಹೇಳುವುದರಲ್ಲೇ ನನಗೆ ಜಂಬ ಬಂದುಬಿಟ್ಟಿತು. ಆ ಜಂಬವೇ ನಿನ್ನ ಚೀಲಕ್ಕೆ ಕೈ ಹಾಕಿದ್ದು.

ಆ ವರ್ಷ ಕ್ಯಾಂಪು ನೋಡಲು ಮೈಸೂರಿನಿಂದ ಗೈಡ್ಸಿನ ಹಿರಿಯರೊಬ್ಬರು ಬರುವವರಿದ್ದರು. ನಮ್ಮ ಹುಡುಗಿಯರ ಚೀಲದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಯಾವ ಚೀಲವನ್ನಾದರೂ ಎತ್ತಿ ನೋಡಿ, ಒಂದೂ ಸೋಲುವುದಿಲ್ಲ ಎಂದು ಹೇಳಿಕಳಿಸಿದ್ದೆ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಡಬೇಕಾದ್ದರಿಂದ ಚೀಲಗಳನ್ನು ಹಿಂದಿನ ಸಂಜೆಯೇ ತರಗತಿಯಲ್ಲಿ ಸಾಲಾಗಿ ಇಡಿಸಿದ್ದೆ. ನೀವೆಲ್ಲ ಹೊರಟುಹೋದಿರಿ. ನೀನು ನಿಮ್ಮೂರು ಕವಲಂದೆಯ ಬಸ್ಸಿಗೆ ಓಡಿದೆ. ನಾನೊಬ್ಬಳೇ ಸಾಲನ್ನು ನೋಡುತ್ತ ಬಂದೆ — ನಿನ್ನ ಚೀಲದ ತಳ ಉಬ್ಬಿತ್ತು. ಎತ್ತಿ ನೋಡಿದೆ, ಬೆರಳು ನೊಂದಿತು.

ಬೆಳಗಾಗುವವರೆಗೆ ಕಾಯಬಹುದಿತ್ತು. ನಿನ್ನನ್ನು ಕರೆದು, ಇದೇನಮ್ಮ ಎಂದು ಕೇಳಬಹುದಿತ್ತು. ಕೇಳಿದ್ದರೆ ನೀನು ಹೇಳುತ್ತಿದ್ದೆಯೋ ಇಲ್ಲವೋ — ನಾನು ಬಿಚ್ಚಿಯೇ ಬಿಟ್ಟೆ. ಬಟ್ಟೆಯ ಸುತ್ತು ತೆರೆದರೆ ಪೌಡರಿನ ವಾಸನೆ. ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳದಿರಲಿ ಎಂದು ನಿಮ್ಮವ್ವ ರಬ್ಬರಿನ ಮೈಗೆಲ್ಲ ಪೌಡರ್ ಸವರಿದ್ದರು. ಮಳೆಯೂ ಇಲ್ಲ, ಮಂಜೂ ಇಲ್ಲ, ಇದೆಂಥ ಹಳ್ಳಿ ಬುದ್ಧಿ ಎಂದು ಗೊಣಗಿಕೊಂಡು ಶೀಟನ್ನು ನಕ್ಷೆಗಳ ಬೀರುವಿನಲ್ಲಿ ಹಾಕಿ ಬೀಗ ಜಡಿದೆ. ಆ ಹೊತ್ತಿಗೆ ಅದು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲ. ಆದರೆ ಮರುದಿನ ಸಂಜೆ ಗೊತ್ತಾಯಿತು. ನಾನು ನಿನಗೆ ಮಾಡಿದ ದ್ರೋಹ ಆ ಸಂಜೆಯದು.

ಸಂಗಮದ ದಡದ ತೆಂಗಿನ ತೋಟದಲ್ಲಿ ಟೆಂಟು ಹಾಕಿದ್ದೆವು. ನಾನು ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ನಿಂತೆ.

“ಮಿಸ್, ನನ್ ಚೀಲದ ತಳ್ದಲ್ಲಿ ಒಂದು ರಬ್ಬರ್ ಶೀಟಿತ್ತು. ಕಾಣ್ತಾ ಇಲ್ಲ.”

“ಅದ್ಯಾಕೆ ನಿನಗೆ?”

ನೀನು ಕಾಲ ಹೆಬ್ಬೆರಳು ನೋಡಿಕೊಂಡು ನಿಂತೆ, ಕಿವಿಯವರೆಗೆ ಕೆಂಪಾದೆ. ಆಗ ನನಗೆ ತಿಳಿಯಿತು. ನಾನೂ ತಮ್ಮ ತಂಗಿಯರನ್ನು ಸಾಕಿದವಳು. ದೊಡ್ಡವರಾಗುತ್ತ ಬಂದರೂ ಕೆಲವು ಮಕ್ಕಳಿಗೆ ನಿದ್ದೆಯಲ್ಲಿ ಹಾಗಾಗುತ್ತದೆ ಎಂದು ಗೊತ್ತು. ಹದಿಮೂರರ ಹುಡುಗಿ, ಅಷ್ಟು ಜನರ ಜೊತೆ ಒಂದೇ ಜಮಖಾನದ ಮೇಲೆ ಮಲಗಬೇಕು — ಎಲ್ಲ ತಿಳಿಯಿತು. ತಿಳಿದ ಮೇಲೆ ಹೇಳಿದೆ:

“ನಾನಂತೂ ಕಂಡಿಲ್ಲಮ್ಮ. ನಿಮ್ಮಮ್ಮ ಇಡೋದು ಮರೆತಿರ್ಬೇಕು, ಹೋಗು.”

ದಿನಾ ಸಂಜೆ ಮೂರು ಬೆರಳೆತ್ತಿಸಿ ನಿಮ್ಮಿಂದ ಸತ್ಯದ ಪ್ರಮಾಣ ಮಾಡಿಸುತ್ತಿದ್ದವಳು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬೇರೊಬ್ಬಳ ಚೀಲ ಬಿಚ್ಚಿದೆ ಎಂದು ಒಪ್ಪಿಕೊಂಡರೆ ನನ್ನ ನಿಯಮವನ್ನು ನಾನೇ ಮುರಿದ ಹಾಗಾಗುತ್ತಿತ್ತಲ್ಲ — ಅಷ್ಟಕ್ಕೇ. ಸೌದೆಗೆ ಹೊದಿಸಿದ್ದ ಟಾರ್ಪಾಲು ಅಲ್ಲೇ ಇತ್ತು. ಅದರ ಒಂದು ತುದಿ ಕತ್ತರಿಸಿ ಯಾರಿಗೂ ಕಾಣದ ಹಾಗೆ ನಿನ್ನ ಕೈಗೆ ಕೊಡಬಹುದಿತ್ತು. ಕೊಟ್ಟರೆ ನನಗೆ ಗೊತ್ತಿದೆ ಎಂದು ನಿನಗೆ ಗೊತ್ತಾಗುತ್ತದೆ. ಕೊಡಲಿಲ್ಲ.

ಮೊದಲ ರಾತ್ರಿ ನೀನು ಮಲಗಲೇ ಇಲ್ಲವೆಂದು ಆಮೇಲೆ ಹುಡುಗಿಯರು ಹೇಳಿದರು. ಬೆಳಗ್ಗೆ ನಿನ್ನ ಕಣ್ಣು ಕೆಂಡವಾಗಿತ್ತು. ಅದೇ ಬೆಳಗ್ಗೆ ಮೈಸೂರಿನವರು ಬಂದರು, ಅಷ್ಟು ಚೀಲಗಳಲ್ಲಿ ನಿನ್ನದನ್ನೇ ಎತ್ತಿದರು. ಎರಡು ಬೆರಳಿಗೆ ತೂಗಿಸಿ “ಹೂವಿನ ಹಾಗಿದೆ” ಎಂದರು. ನೀನು ಸೆಲ್ಯೂಟ್ ಹೊಡೆದೆ. ನಾನು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯ ನೆನಪಾದರೆ ಈಗಲೂ ನನ್ನ ಅಂಗೈ ನನಗೇ ಹೇಸಿಗೆ.

ಎರಡನೇ ರಾತ್ರಿ ನಿದ್ದೆ ನಿನ್ನನ್ನು ಗೆದ್ದಿತು. ಬೆಳಗ್ಗೆ ಹುಡುಗಿಯರು ಮೂಗು ಮುಚ್ಚಿಕೊಂಡು ಒದ್ದೆ ಜಮಖಾನವನ್ನು ಹೊಳೆಗೆ ಎಳೆದೊಯ್ದರು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ — ಮೂರು ಸೇರುವ ಜಾಗ ಅದು. “ನಾಲ್ಕನೇ ಹೊಳೆ ಬಂತು ಕಣ್ರೇ!” ಎಂದು ಒಬ್ಬಳು ಕೂಗಿದಳು. ದಡವೆಲ್ಲ ನಗು. ನಾನು ಓಡಿಹೋಗಿ ಅವಳಿಗೆ ಗದರಿದೆ, ಇನ್ನೊಬ್ಬರ ಕಷ್ಟಕ್ಕೆ ನಗಬಾರದು ಎಂದು ನೀತಿ ಹೇಳಿದೆ. ನೀನು ನನ್ನತ್ತ ಉಪಕಾರ ಕಂಡವಳಂತೆ ನೋಡಿದೆ. ಅದೊಂದು ನೋಟ ಮಾತ್ರ — ಬೇಡ, ಅದನ್ನು ಬರೆಯಲಾರೆ.

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮವ್ವ ಕಾದಿದ್ದರು. ಚೀಲ ಇಸಿದುಕೊಳ್ಳಲು ಕೈ ಚಾಚಿದರು. ನೀನು ಕೊಡದೆ ಕೇಳಿದೆ:

“ಯಾಕ್ ಮಡಗಲಿಲ್ಲ ನೀನು?”

“ಮಡಗಿದ್ನಲ್ಲವ್ವ! ನನ್ ಕೈಯಾರ ಮಡಗಿದ್ದೆ ಕಣವ್ವ, ತಳ್ದಲ್ಲಿ...”

“ಸುಳ್ಳು ಯೋಳ್ಬ್ಯಾಡ. ಮಿಸ್ಸೇ ಅಂದ್ರು, ನೀನು ಮರ್ತಿದ್ದೀಯ ಅಂತ.”

ನಾನು ಪಕ್ಕದಲ್ಲೇ ತಟ್ಟೆಗಳನ್ನು ಗೋಣಿಗೆ ತುಂಬಿಸುತ್ತಿದ್ದೆ. ಕೇಳಿಸಿತು. ತಲೆಯೆತ್ತಲಿಲ್ಲ.

ಬೇಸಿಗೆ ರಜೆ ಕಳೆದ ಮೇಲೆ ನೀನು ಸ್ಕೂಲಿಗೆ ಬರಲಿಲ್ಲ. ಚೆನ್ನಾಗಿ ಓದುವ ಹುಡುಗಿ, ಯಾಕೆ ಬಿಟ್ಟಳೋ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂತು. ಹಳ್ಳಿ ಕಡೆಯವರು, ಬಿಡಿಸಿರುತ್ತಾರೆ ಎಂದವಳೂ ನಾನೇ. ಶೀಟನ್ನು ಬೀರುವಿನಿಂದ ತೆಗೆದು ಮನೆಗೆ ತಂದು ನನ್ನ ಟ್ರಂಕಿನ ತಳದಲ್ಲಿ ಹಾಕಿದೆ. ಬಿಸಾಡುವುದಕ್ಕೆ ಕೈ ಬರಲಿಲ್ಲ, ಹಿಂದಿರುಗಿಸುವುದಕ್ಕೆ ಕಾಲು ಬರಲಿಲ್ಲ.

ಆಮೇಲೆ ನಾನು ಯಾವ ಮಗುವಿನ ಚೀಲವನ್ನೂ ಬಿಚ್ಚಿಸಲಿಲ್ಲ. ಪ್ರತಿಯೊಬ್ಬಳಿಗೂ ಚೀಲದೊಳಗೊಂದು ಕಟ್ಟಿದ ಸಣ್ಣ ಗಂಟಿಗೆ ಅವಕಾಶ. ಅದರಲ್ಲೇನಿದೆ ಎಂದು ಯಾರೂ ಕೇಳುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಎರಡು ರಬ್ಬರ್ ಶೀಟು. ಮಕ್ಕಳನ್ನು ಎಷ್ಟು ನಂಬುತ್ತಾರೆ ಎಂದು ಇದಕ್ಕೂ ಜನ ನನ್ನನ್ನೇ ಹೊಗಳಿದರು. ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಂಡೆ. ಇದನ್ನು ಪ್ರಾಯಶ್ಚಿತ್ತವೆಂದು ನಿನಗೆ ಹೇಳುತ್ತಿಲ್ಲ. ಬೇರೆ ಮಕ್ಕಳಿಗೆ ಕೊಟ್ಟರೆ ನಿನ್ನದು ನಿನಗೆ ಬಂದ ಹಾಗಾಗುವುದಿಲ್ಲ.

ಹೋದ ವಾರ ಪೇಟೆಬೀದಿಯ ಅಂಗಡಿಯಲ್ಲಿ ಯಾರೋ “ಮಿಸ್, ಗುರ್ತು ಸಿಕ್ತಾ?” ಎಂದರು. ತಿರುಗಿದರೆ ನೀನು — ತುಂಬಿದ ಬಸುರಿ, ಚೊಚ್ಚಲು, ಹೆರಿಗೆಗೆ ತವರಿಗೆ ಬಂದಿದ್ದೀಯ. ಜೊತೆಗೆ ನಿಮ್ಮವ್ವ, ಕೂದಲು ಪೂರಾ ನರೆತಿದೆ. ಅಂಗಡಿಯವನು ಕೆಂಪು ರಬ್ಬರ್ ಶೀಟಿನ ಸುರುಳಿ ಬಿಚ್ಚಿ ಅಳೆಯುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ನನ್ನ ಚೀಲದ ತಳ ಸವರಿತು.

“ಎರಡು ತುಂಡು ಕೊಡಿ,” ಎಂದೆ ನೀನು ಅಂಗಡಿಯವನಿಗೆ, ನಗುತ್ತ. “ನಮ್ಮವ್ವ ಒಂದನ್ನ ಮರ್ತೇ ಮರೀತಾಳೆ. ಮಿಸ್ಸಿಗೆ ಗೊತ್ತು. ನನ್ ಮಗೀಂದ ನಾನೇ ನೋಡ್ಕತೀನಪ್ಪ, ಇವಳ್ನ ನಂಬಕಾಗಕಿಲ್ಲ.”

ನಗುತ್ತಲೇ ಹೇಳಿದೆ. ಆದರೆ ಹೇಳಿದ್ದು ನಿಜವಾಗಿಯೇ ಎಂದು ಮೂವರಿಗೂ ಗೊತ್ತಿತ್ತು. ನಿಮ್ಮವ್ವ ತಗ್ಗಿದ ದನಿಯಲ್ಲಿ “ನಾ ಮಡಗಿದ್ದೆ ಕಣವ್ವ” ಎಂದರು. “ಇವತ್ಗೂ ಅದೇ ಅಂತಾಳೆ ನೋಡಿ ಮಿಸ್,” ಎಂದೆ ನೀನು. ಆಗ ಅವರು ನನ್ನ ಕಡೆ ತಿರುಗಿದರು.

“ನೀವಾರ ಯೋಳಿ ಮೇಡಮ್ಮೋರೇ. ಆವತ್ತು ಚೀಲ್ದಲ್ಲಿ ನೀವೇನಾರ ಕಂಡಿದ್ರಾ?”

ಬೇಡಿಕೊಂಡ ಹಾಗೆ ಕೇಳಿದರು, ದಾಕ್ಷಾಯಿಣಿ. ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು —

“ಎಷ್ಟು ವರ್ಷ ಆಗೋಯ್ತಲ್ಲಮ್ಮ. ನೆನಪಿಲ್ಲ.”

ನಿಮ್ಮವ್ವ ಸೆರಗು ಸರಿಮಾಡಿಕೊಂಡು, “ಓಗ್ಲಿ ಬುಡಿ. ನಾನೇ ಮರ್ತಿದ್ನೋ ಏನೋ,” ಎಂದರು.

ಇಷ್ಟು ವರ್ಷ, ಹೆತ್ತ ಮಗಳೇ ನಂಬದಿದ್ದಾಗಲೂ ಆ ತಾಯಿ ತಾನು ಕಂಡ ಸತ್ಯ ಬಿಟ್ಟುಕೊಟ್ಟಿರಲಿಲ್ಲ. ಅದನ್ನೂ ನಾನು ಕಿತ್ತುಕೊಂಡೆ. ಮೊದಲು ಚೀಲದಿಂದ, ಈಗ ಅವರ ಮನಸ್ಸಿನಿಂದ. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳಲ್ಲ.

ಇದನ್ನು ನಿನಗೆ ಕಳಿಸಲೆಂದು ಬರೆಯಲಿಲ್ಲ. ನಿಮ್ಮವ್ವನಿಗೆ ಓದು ಬಾರದು. ಅವರಿಗೆ ಸಲ್ಲಬೇಕಾದ ಮಾತು ನಿನ್ನ ಬಾಯಿಂದ ಹೋಗಬಾರದು. ಬಾಯಲ್ಲಿ ಹೇಳಲು ನಿಂತಾಗ ಎರಡು ಸಲ ಜಾರಿಕೊಂಡವಳು ನಾನು. ಮೂರನೆಯ ಸಲ ಜಾರದಿರಲಿ ಎಂದು ಚೀಲ ಬಿಚ್ಚಿದ ಹಾಗೆ ಒಂದೊಂದು ಮಾತನ್ನೇ ಇಲ್ಲಿ ಹೊರಗಿಟ್ಟು ನೋಡಿಕೊಂಡೆ. ಪರೀಕ್ಷೆಗೆ ಬರುವವರಿದ್ದರು ಎನ್ನುವುದು ಬೇಡ. ಆಗ ನಾನಿನ್ನೂ ಚಿಕ್ಕವಳು ಎನ್ನುವುದು ಬೇಡ. ಆಮೇಲೆ ಒಳ್ಳೆಯದು ಮಾಡಿದೆ ಎನ್ನುವುದಂತೂ ಬೇಡವೇ ಬೇಡ. ಎಲ್ಲ ತೆಗೆದಿಟ್ಟ ಮೇಲೆ ಉಳಿದದ್ದು ಎರಡೇ ಮಾತು.

ನಾಳೆ ಬೆಳಗ್ಗೆ ಕವಲಂದೆಯ ಬಸ್ಸು ಹತ್ತುತ್ತೇನೆ. ಚೀಲ ಕಟ್ಟಿಟ್ಟಿದ್ದೇನೆ, ಅದರಲ್ಲಿರುವುದು ಆ ಶೀಟೊಂದೇ. ಇಷ್ಟು ವರ್ಷ ನಾನು ಮತ್ತೆ ಪೌಡರ್ ಹಾಕದೆ ಇಟ್ಟಿದ್ದರಿಂದ ಮಡಿಕೆಗಳು ಅಂಟಿಕೊಂಡು ಬಿಚ್ಚಲು ಬರುತ್ತಿಲ್ಲ. ಸುತ್ತಿದ್ದ ಸೀರೆಯ ತುಂಡು ಹಾಗೇ ಇದೆ, ನಿಮ್ಮವ್ವ ಗುರುತು ಹಿಡಿಯುತ್ತಾರೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿದರೆ ಜಗಲಿಯಲ್ಲೇ ನಿಂತು ಹೇಳುತ್ತೇನೆ. ಮೊದಲು ನಿನಗಲ್ಲ, ಅವರಿಗೆ. ನಿನಗೂ ಕೇಳುವಷ್ಟು ಗಟ್ಟಿಯಾಗಿ.

ಅಮ್ಮಾ, ನೀವು ಮಡಗಿದ್ದಿರಿ. ತೆಗೆದವಳು ನಾನು.